ದುಡಿಮೆಯ ಒತ್ತಡ: ಹೊಣೆ ನಮ್ಮದು, ಅಧಿಕಾರ ಯಾರದು?

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಚಿತೆ ಸತ್ತವರನ್ನು ಸುಡುತ್ತದೆ, ಚಿಂತೆ ಬದುಕಿರುವವರನ್ನೇ ಸುಡುತ್ತದೆ. ಈ ಹಳೆಯ ಮಾತು ಇಂದು ವೃತ್ತಪತ್ರಿಕೆಯ ಸುದ್ದಿಯಾಗಿ ನಮ್ಮ ಮುಂದೆ ನಿಂತಿರುವುದು ವಿಷಾದದ ಸಂಗತಿ. 2024ರ ಜುಲೈಯಲ್ಲಿ ಪುಣೆಯ ಲೆಕ್ಕಪರಿಶೋಧನಾ ಸಂಸ್ಥೆಯೊಂದರಲ್ಲಿ ನಾಲ್ಕೇ ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ 26ರ ಹರೆಯದ ಚಾರ್ಟರ್ಡ್ ಅಕೌಂಟೆಂಟ್ ತರುಣಿ ತೀರಿಕೊಂಡಳು. ಮಗಳನ್ನು ಕೆಲಸದ ವಿಪರೀತ ಹೊರೆಯೇ ಬಲಿ ತೆಗೆದುಕೊಂಡಿತೆಂದು ಆಕೆಯ ತಾಯಿ ಸಂಸ್ಥೆಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾದಾಗ ದೇಶವೇ ಬೆಚ್ಚಿತು. ಸಂಸ್ಥೆ ಆ ಆರೋಪವನ್ನು ಒಪ್ಪಲಿಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯ ದೂರನ್ನು ಕೈಗೆತ್ತಿಕೊಂಡಿತು. ಮರುವರ್ಷ, 2025ರ ಜುಲೈಯಲ್ಲಿ, ಪುಣೆ ಜಿಲ್ಲೆಯ ಬಾರಾಮತಿಯಲ್ಲಿ ಸರಕಾರಿ ಸ್ವಾಮ್ಯದ ಬ್ಯಾಂಕೊಂದರ ಶಾಖಾ ಮ್ಯಾನೇಜರರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರು ಬಿಟ್ಟುಹೋದ ಪತ್ರದಲ್ಲಿ ಕೆಲಸದ ಒತ್ತಡದ ಉಲ್ಲೇಖವಿತ್ತೆಂದು ಪತ್ರಿಕೆಗಳು ವರದಿ ಮಾಡಿದವು.

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇವು ಪರರ ಮನೆಯ ಸುದ್ದಿಗಳಲ್ಲ. ಬ್ಯಾಂಕು, ವಿಮೆ, ಲೆಕ್ಕಪತ್ರ, ಸಾಫ್ಟ್‌ವೇರ್ ಈ ನಾಲ್ಕರಲ್ಲಿ ಒಂದಾದರೂ ಉದ್ಯೋಗವಿಲ್ಲದ ಕುಟುಂಬ ನಮ್ಮಲ್ಲಿ ವಿರಳ. ಆದರೂ ಈ ವಿಷಯ ಬಂದಾಗಲೆಲ್ಲ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಒಂದೇ: "ಇಂದಿನವರಿಗೆ ಮನೋಬಲ ಕಡಿಮೆ, ಬೆಳಿಗ್ಗೆ ಎದ್ದು ಪ್ರಾಣಾಯಾಮ ಮಾಡಿದರೆ ಎಲ್ಲವೂ ಸರಿಹೋಗುತ್ತದೆ." ಪ್ರಾಣಾಯಾಮದ ಹಿರಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಾಡು ಸೋರುತ್ತಿರುವಾಗ ಕೆಳಗೆ ಪಾತ್ರೆಯಿಟ್ಟು ಸುಮ್ಮನಾಗುವುದು ಪರಿಹಾರವಲ್ಲ. ಒತ್ತಡ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಅರಿತರೆ ಮಾತ್ರ ಅದನ್ನು ಎದುರಿಸುವ ಬಗೆಯೂ ತಿಳಿದೀತು.

ಗಂಟೆಗಳ ಗಲಾಟೆ

ಕಳೆದ ಕೆಲವು ವರ್ಷಗಳಲ್ಲಿ ಈ ಚರ್ಚೆ ಬಹುಮಟ್ಟಿಗೆ ಗಂಟೆಗಳ ಸುತ್ತಲೇ ನಡೆಯಿತು. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕ ಎನ್. ಆರ್. ನಾರಾಯಣ ಮೂರ್ತಿಯವರು ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸೆನ್ ಆ್ಯಂಡ್ ಟೂಬ್ರೊ ಅಧ್ಯಕ್ಷ ಎಸ್. ಎನ್. ಸುಬ್ರಹ್ಮಣ್ಯನ್ ಅವರು ಅದನ್ನು 90 ಗಂಟೆಗೆ ಏರಿಸಿದ ಮಾತು ಹೊರಬಿತ್ತು. ಅದೇ ತಿಂಗಳ ಕೊನೆಯಲ್ಲಿ ಸಂಸತ್ತಿನ ಮುಂದೆ ಬಂದ ಕೇಂದ್ರದ ಆರ್ಥಿಕ ಸಮೀಕ್ಷೆಯಾದರೋ, ವಾರಕ್ಕೆ 60 ಗಂಟೆ ಮೀರಿದ ದುಡಿಮೆ ಆರೋಗ್ಯಕ್ಕೆ ಹಾನಿಕರವಾಗಬಹುದೆಂದು ಎಚ್ಚರಿಸಿತು.

ಈ ಎಚ್ಚರಿಕೆಗೆ ಗಟ್ಟಿಯಾದ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರ ಮೇ ತಿಂಗಳಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ, ದೀರ್ಘ ದುಡಿಮೆಯ ಕಾರಣದಿಂದ 2016ನೇ ವರ್ಷ ಒಂದರಲ್ಲೇ ಜಗತ್ತಿನಾದ್ಯಂತ ಸುಮಾರು 7,45,000 ಮಂದಿ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ ಮೃತಪಟ್ಟಿದ್ದರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟೂ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟೂ ಅಧಿಕ. ಮುಂಬಯಿಯಂತಹ ನಗರದಲ್ಲಿ ಇದಕ್ಕೆ ಲೋಕಲ್ ರೈಲಿನ ಎರಡು ಮೂರು ಗಂಟೆಗಳನ್ನೂ ಕೂಡಿಸಿಕೊಳ್ಳಬೇಕು. ವಿರಾರಿನಿಂದಲೋ ಡೊಂಬಿವಲಿಯಿಂದಲೋ ಹೊರಟವನು ಕಚೇರಿ ತಲಪುವ ಹೊತ್ತಿಗೇ ಅರ್ಧ ದಣಿದಿರುತ್ತಾನೆ.

ಕಾನೂನು ಇದರ ಬಗ್ಗೆ ಮೌನವಾಗಿಲ್ಲ. 1948ರ ಕಾರ್ಖಾನೆ ಕಾಯಿದೆ ವಾರಕ್ಕೆ 48 ಗಂಟೆಗಳ ಮಿತಿ ಹಾಕಿತ್ತು. 2025ರ ನವೆಂಬರ್ 21ರಂದು ಜಾರಿಗೊಂಡ ನೂತನ ಕಾರ್ಮಿಕ ಸಂಹಿತೆಗಳಲ್ಲಿಯೂ ಆ ಮಿತಿ ಮುಂದುವರಿದಿದೆ. ಆದರೆ ಈ ರಕ್ಷಣೆ 'ಕಾರ್ಮಿಕ' ಎಂಬ ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ. ಆಡಳಿತದ ಹೊಣೆ ಹೊತ್ತ ಅಧಿಕಾರಿ ಅದರ ಹೊರಗೆ. ಹೆಸರಿನ ಮುಂದೆ 'ಮ್ಯಾನೇಜರ್' ಎಂಬ ಪದವಿ ಬಂದ ದಿನವೇ ಅವನ ಗಡಿಯಾರ ಕಳೆದುಹೋಗುತ್ತದೆ.

ಬ್ಯಾಂಕಿನ ಕೌಂಟರಿನ ಹಿಂದೆ

ಗಂಟೆಗಳ ಲೆಕ್ಕ ಮುಖ್ಯವೇ. ಆದರೆ ಅದು ಪೂರ್ಣ ಸತ್ಯವಲ್ಲ ಎಂಬುದಕ್ಕೆ ನಮಗೆ ಚೆನ್ನಾಗಿ ಪರಿಚಯವಿರುವ ಬ್ಯಾಂಕಿಂಗ್ ಕ್ಷೇತ್ರವೇ ಸಾಕ್ಷಿ. ಮುಂಬಯಿ ಕನ್ನಡಿಗರಿಗೂ ಬ್ಯಾಂಕಿಗೂ ಇರುವ ನಂಟು ಹಳೆಯದು. ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ನಮ್ಮವರನ್ನು ದೇಶದ ಮೂಲೆಮೂಲೆಗೂ ಕರೆದೊಯ್ದವು. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತ ಹುಡುಗರಲ್ಲಿ ಬ್ಯಾಂಕಿನ ಕುರ್ಚಿಯವರೆಗೆ ಬಂದವರೂ ಇದ್ದಾರೆ. ಊರಿನಲ್ಲಿ 'ಬ್ಯಾಂಕಿನಲ್ಲಿದ್ದಾನೆ' ಎಂಬ ಒಂದೇ ಮಾತಿಗೆ ಹೆಣ್ಣು ಕೊಡುತ್ತಿದ್ದ ಕಾಲವೊಂದಿತ್ತು.

ಆ ಕಾಲದಲ್ಲಿ ಕೆಲಸ ಹಗುರವಾಗಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಕೈಬರಹದ ಲೆಡ್ಜರುಗಳ ದಿನಗಳಲ್ಲಿ ಹತ್ತು ರೂಪಾಯಿ ಕೂಡಿಬಾರದಿದ್ದರೆ ಶಾಖೆಯೇ ರಾತ್ರಿಯವರೆಗೆ ಕುಳಿತಿರುತ್ತಿತ್ತು. ವರ್ಷಾಂತ್ಯದ ಲೆಕ್ಕಾಚಾರವೆಂದರೆ ಮನೆಯವರು ನಮ್ಮ ಮುಖ ನೋಡುವಂತಿರಲಿಲ್ಲ. ಆದರೆ ಲೆಕ್ಕ ಕೂಡಿಬಂದ ಕ್ಷಣಕ್ಕೆ ದಿನ ಮುಗಿಯುತ್ತಿತ್ತು. ತಿಜೋರಿಗೆ ಬೀಗ ಬಿದ್ದರೆ ಮನಸ್ಸಿಗೂ ಬಿಡುಗಡೆ. ಜತೆಗೆ ಕುಳಿತು ತಪ್ಪು ಹುಡುಕುವವರು ಹತ್ತು ಮಂದಿ ಇರುತ್ತಿದ್ದರು. ತಪ್ಪು ಒಬ್ಬನದಾದರೂ ರಾತ್ರಿ ಎಲ್ಲರದಾಗಿತ್ತು.

ಇಂದಿನ ಶಾಖೆಯ ಚಿತ್ರ ಬೇರೆ. 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರಕಾರಿ ಸ್ವಾಮ್ಯದ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ಕಂಪ್ಯೂಟರ್ ಬಂದುದರಿಂದ ಕೆಲಸ ಕಡಿಮೆಯಾದೀತೆಂಬ ಎಣಿಕೆಯಿತ್ತು. ಆದರೆ ಕೆಲಸದ ಬಗೆಗಳೇ ಬೆಳೆದವು. 2014ರ ಆಗಸ್ಟ್ 28ರಂದು ಆರಂಭವಾದ ಜನಧನ ಯೋಜನೆಯ ಖಾತೆಗಳ ಸಂಖ್ಯೆ 2023ರಲ್ಲಿ 50 ಕೋಟಿ ದಾಟಿತು. ಬಡವನಿಗೆ ಬ್ಯಾಂಕಿನ ಬಾಗಿಲು ತೆರೆದ ಈ ಕಾರ್ಯ ನಿಸ್ಸಂಶಯವಾಗಿ ಶ್ಲಾಘನೀಯ; ಆದರೆ ಬಾಗಿಲು ಅಗಲವಾದಷ್ಟು ಒಳಗಿನ ಕೈಗಳು ಹೆಚ್ಚಲಿಲ್ಲ. 2016ರ ನವೆಂಬರ್ 8ರ ನೋಟು ರದ್ದತಿಯ ನಂತರದ ವಾರಗಳಲ್ಲಿಯೂ 2020ರ ಕೊರೋನಾ ದಿಗ್ಬಂಧನದಲ್ಲಿಯೂ ಇದೇ ಕೈಗಳು ಕೌಂಟರನ್ನು ತೆರೆದಿಟ್ಟವು. ಈ ನಡುವೆ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನಗೊಂಡವು. ಹೊಸ ತಂತ್ರಾಂಶ, ಹೊಸ ಸುತ್ತೋಲೆ, ಹೊಸ ಮೇಲಧಿಕಾರಿ. ಐವತ್ತರ ಅಂಚಿನಲ್ಲಿದ್ದ ಅನೇಕರು ತಾವು ಪ್ರವೀಣರಾಗಿದ್ದ ಕೆಲಸದಲ್ಲಿಯೇ ಪುನಃ ಉಮೇದುವಾರರಾದರು.

ಇವೆಲ್ಲಕ್ಕಿಂತ ಭಾರವಾದದ್ದು ಇನ್ನೊಂದಿದೆ. ಅದು ಟಾರ್ಗೆಟ್. ಠೇವಣಿ, ಸಾಲ, ವಸೂಲಿಗಳ ಗುರಿ ಬ್ಯಾಂಕಿಗೆ ಹೊಸದಲ್ಲ. ಹೊಸದೆಂದರೆ ವಿಮಾ ಪಾಲಿಸಿ, ಮ್ಯೂಚುವಲ್ ಫಂಡ್, ಕ್ರೆಡಿಟ್ ಕಾರ್ಡುಗಳ ದೈನಂದಿನ ಗುರಿ. ಬೆಳಿಗ್ಗೆ ಹತ್ತಕ್ಕೆ ಒಂದು ಸಂದೇಶ, ಮಧ್ಯಾಹ್ನ ಎರಡಕ್ಕೆ ಒಂದು, ರಾತ್ರಿ ಊಟದ ಹೊತ್ತಿಗೆ 'ಇಂದು ಎಷ್ಟಾಯಿತು?' ಎಂಬ ವಿಡಿಯೊ ಸಭೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೊನ್ನೆ ಸಾಧಿಸಿದ ಶಾಖೆಗಳ ಪಟ್ಟಿ. ಇಂತಹ ಸಭೆಯೊಂದರಲ್ಲಿ ಖಾಸಗಿ ಬ್ಯಾಂಕಿನ ಅಧಿಕಾರಿಯೊಬ್ಬರು ಕೈಕೆಳಗಿನವರನ್ನು ಗದರಿಸಿದ ದೃಶ್ಯ 2023ರ ಜೂನ್‌ನಲ್ಲಿ ದೇಶವೆಲ್ಲ ಹರಿದಾಡಿತು. ಆ ಬ್ಯಾಂಕು ಅವರನ್ನು ಅಮಾನತುಗೊಳಿಸಿತು. ಆದರೆ ಅವರ ಬೆನ್ನ ಮೇಲೆ ಎಷ್ಟು ಭಾರವಿತ್ತೆಂದು ಕೇಳಿದವರು ಕಡಿಮೆ.

ಠೇವಣಿ ನವೀಕರಿಸಲು ಬಂದ ಹಿರಿಯರೊಬ್ಬರ ಮುಂದೆ, ಅವರಿಗೆ ಬೇಕಿಲ್ಲದ ಪಾಲಿಸಿಯ ಅರ್ಜಿಯನ್ನು ಇಡಬೇಕಾಗಿ ಬಂದ ನೌಕರನ ಸಂಕಟವನ್ನು ಓದುಗರು ಊಹಿಸಿಕೊಳ್ಳಲಿ. ಅವರು ಕಾಗದ ಓದುವುದಿಲ್ಲ. ಎದುರಿಗಿದ್ದವನ ಮುಖ ನೋಡಿ ಸಹಿ ಹಾಕುತ್ತಾರೆ. ಆ ಸಹಿ ಸಿಕ್ಕ ದಿನ ಗುರಿ ಮುಟ್ಟುತ್ತದೆ, ನಿದ್ರೆ ಕೆಡುತ್ತದೆ. ದೇಹದ ದಣಿವು ಭಾನುವಾರದ ನಿದ್ರೆಯಲ್ಲಿ ಕಳೆಯಬಹುದು. ಮನಸ್ಸಾಕ್ಷಿಯ ದಣಿವಿಗೆ ಅಂತಹ ವಾರದ ರಜೆಯಿಲ್ಲ. ಖಾಸಗಿ ಬ್ಯಾಂಕುಗಳ ತರುಣರು ಇದಕ್ಕೆ ಕಾಲಿನಿಂದಲೇ ಉತ್ತರ ಕೊಡುತ್ತಿದ್ದಾರೆ. ಕೆಲವು ಖಾಸಗಿ ಬ್ಯಾಂಕುಗಳಲ್ಲಿ ಕೆಲಸ ಬಿಟ್ಟುಹೋಗುವವರ ಸರಾಸರಿ ಪ್ರಮಾಣ ಸುಮಾರು ಶೇ. 25ರಷ್ಟಿದೆಯೆಂದು ರಿಸರ್ವ್ ಬ್ಯಾಂಕೇ 2024ರ ಡಿಸೆಂಬರ್‌ನ ತನ್ನ ವರದಿಯಲ್ಲಿ ಕಳವಳ ವ್ಯಕ್ತಪಡಿಸಿತು.

ವಿಜ್ಞಾನ ಹೇಳುವುದೇನು?

ಒತ್ತಡವೆಂದರೆ ದೊಡ್ಡ ಹುದ್ದೆಯವರ ಕಾಯಿಲೆ ಎಂಬ ನಂಬಿಕೆ ಬಹುಕಾಲ ಇತ್ತು. ಲಂಡನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ 'ವೈಟ್‌ಹಾಲ್' ಅಧ್ಯಯನ ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಹೃದ್ರೋಗದ ಸಾವು ಉನ್ನತಾಧಿಕಾರಿಗಳಲ್ಲಿ ಕಡಿಮೆ, ಅತ್ಯಂತ ಕೆಳದರ್ಜೆಯ ನೌಕರರಲ್ಲಿ ಅದರ ಸುಮಾರು ಮೂರು ಪಟ್ಟು ಇತ್ತು. ಧೂಮಪಾನ, ರಕ್ತದೊತ್ತಡಗಳ ಲೆಕ್ಕ ಹಿಡಿದರೂ ಈ ಅಂತರ ಪೂರ್ತಿ ಅಳಿಯಲಿಲ್ಲ. 1985ರಲ್ಲಿ ಆರಂಭಿಸಿದ ಎರಡನೆಯ ಅಧ್ಯಯನದಲ್ಲಿ ಮೈಕೆಲ್ ಮಾರ್ಮಟ್ ಮತ್ತು ಅವರ ಸಹೋದ್ಯೋಗಿಗಳು ಒಂದು ಮುಖ್ಯ ಕಾರಣವನ್ನು ಗುರುತಿಸಿದರು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು. 1979ರಲ್ಲಿಯೇ ರಾಬರ್ಟ್ ಕರಾಸೆಕ್ ಎಂಬ ಅಮೆರಿಕನ್ ವಿದ್ವಾಂಸರು ಇಂತಹುದೇ ಸೂತ್ರವನ್ನು ಮುಂದಿಟ್ಟಿದ್ದರು. ಕೆಲಸದ ಬೇಡಿಕೆ ಹೆಚ್ಚಿದ್ದರಷ್ಟೇ ಮನುಷ್ಯ ಕುಗ್ಗುವುದಿಲ್ಲ. ಬೇಡಿಕೆ ಹೆಚ್ಚಿದ್ದು ನಿರ್ಧರಿಸುವ ಸ್ವಾತಂತ್ರ್ಯ ಕಡಿಮೆಯಿದ್ದಲ್ಲಿ ಕುಗ್ಗುತ್ತಾನೆ.

ಇದನ್ನು ನಮ್ಮ ಅನುಭವಕ್ಕೆ ಹೊಂದಿಸಿ ನೋಡಬಹುದು. ಮಗಳ ಮದುವೆಗಾಗಿ ತಿಂಗಳುಗಟ್ಟಲೆ ನಿದ್ದೆಗೆಟ್ಟು ಓಡಾಡಿದ ತಂದೆ ದಣಿಯುತ್ತಾನೆ, ಆದರೆ ಮುರಿಯುವುದಿಲ್ಲ. ಅದು ಅವನದೇ ನಿರ್ಧಾರ. ಶಾಖೆಯ ಮ್ಯಾನೇಜರನಿಗಾದರೋ ಸಿಬ್ಬಂದಿ ಎಷ್ಟು, ಗುರಿ ಎಷ್ಟು, ರಜೆ ಯಾವಾಗ, ವರ್ಗಾವಣೆ ಎಲ್ಲಿಗೆ ಎಂಬ ಯಾವುದೂ ಅವನ ಕೈಯಲ್ಲಿಲ್ಲ. ಸಾಲ ಮುಳುಗಿದರೆ ಕೆಳಗಿನ ಸಹಿ ಮಾತ್ರ ಅವನದು. ಹೊಣೆ ಒಬ್ಬನದು, ಅಧಿಕಾರ ಇನ್ನೊಬ್ಬನದು ಎಂಬ ಈ ವಿಚ್ಛೇದವೇ ಇಂದಿನ ಒತ್ತಡದ ತಾಯಿಬೇರು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ, ದುಡಿದು ಬತ್ತಿಹೋಗುವ ಸ್ಥಿತಿಯನ್ನು ವ್ಯಕ್ತಿಯ ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ತನ್ನ ರೋಗವರ್ಗೀಕರಣದಲ್ಲಿ ನಮೂದಿಸಿತು. ಅಂದರೆ ದೋಷ ಹುಡುಕಬೇಕಾದದ್ದು ಮೊದಲು ಮನುಷ್ಯನಲ್ಲಿ ಅಲ್ಲ, ಕೆಲಸದ ಏರ್ಪಾಡಿನಲ್ಲಿ.

ಹಿಡಿತ ಮರಳಿ ಪಡೆಯುವ ಬಗೆ

ಹಾಗಾದರೆ ಒತ್ತಡವನ್ನು ಎದುರಿಸುವುದೆಂದರೆ, ಕಳೆದುಹೋದ ಹಿಡಿತವನ್ನು ಸಾಧ್ಯವಿದ್ದಲ್ಲೆಲ್ಲ ಸ್ವಲ್ಪ ಸ್ವಲ್ಪವಾಗಿ ಮರಳಿ ಪಡೆಯುವುದು. ಕಚೇರಿಯ ಒಳಗೆ ಇದಕ್ಕಿರುವ ಅವಕಾಶ ಕಿರಿದಾದರೂ ಶೂನ್ಯವಲ್ಲ. ಬಾಯಿಮಾತಿನ ಅಸಾಧ್ಯ ಆದೇಶಗಳನ್ನು ಲಿಖಿತವಾಗಿ ಕೇಳುವುದು, ಸಿಬ್ಬಂದಿ ಕೊರತೆಯನ್ನು ಪತ್ರಮುಖೇನ ತಿಳಿಸಿ ಪ್ರತಿಯನ್ನು ಇಟ್ಟುಕೊಳ್ಳುವುದು, ತನಗೆ ಬರಬೇಕಾದ ರಜೆಯನ್ನು ಪಡೆದೇ ತೀರುವುದು ಧಿಕ್ಕಾರವಲ್ಲ, ಅದು ಹಕ್ಕು. ಇಲ್ಲೊಂದು ಸ್ವಾರಸ್ಯವಿದೆ. ಸೂಕ್ಷ್ಮ ಹುದ್ದೆಗಳಲ್ಲಿರುವ ಬ್ಯಾಂಕ್ ನೌಕರರನ್ನು ವರ್ಷಕ್ಕೊಮ್ಮೆ ಕನಿಷ್ಠ 10 ಕೆಲಸದ ದಿನ ಸತತವಾಗಿ ರಜೆಯ ಮೇಲೆ ಕಳುಹಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಇದರ ಉದ್ದೇಶ ನೌಕರನ ವಿಶ್ರಾಂತಿಯಲ್ಲ. ಅವನಿಲ್ಲದಾಗ ವಂಚನೆಯೇನಾದರೂ ಇದ್ದರೆ ಬೆಳಕಿಗೆ ಬರಲಿ ಎಂಬುದು. ವಂಚನೆ ಪತ್ತೆಗಾಗಿ ಒಬ್ಬನನ್ನು ಹತ್ತು ದಿನ ಬಿಟ್ಟಿರಲು ಸಾಧ್ಯವಾಗುವ ಶಾಖೆ, ಅವನ ಆರೋಗ್ಯಕ್ಕಾಗಿ ಬಿಟ್ಟಿರಲು ಏಕೆ ಸಾಧ್ಯವಿಲ್ಲ?

ಒಬ್ಬೊಬ್ಬರಿಂದ ಆಗದ್ದು ಒಗ್ಗಟ್ಟಿನಿಂದ ಆದೀತು. 2015ರ ಸೆಪ್ಟೆಂಬರ್‌ನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬ್ಯಾಂಕುಗಳಿಗೆ ರಜೆಯಾದದ್ದು ಸಂಘಟನೆಗಳ ಮಾತುಕತೆಯಿಂದ. 2024ರ ಮಾರ್ಚ್ 8ರ ಒಪ್ಪಂದದ ವೇಳೆ ಐದು ದಿನಗಳ ವಾರಕ್ಕೂ ಬ್ಯಾಂಕುಗಳ ಸಂಘ ಸಮ್ಮತಿಸಿ, ಸರಕಾರದ ಅನುಮೋದನೆಯ ಷರತ್ತು ಇಟ್ಟಿತು. ಗ್ರಾಹಕರಿಗೆ ತೊಂದರೆಯಾದೀತೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ದಣಿದ ಕೈ ಬರೆದ ಲೆಕ್ಕದಿಂದ ಗ್ರಾಹಕರಿಗೆ ಆಗುವ ತೊಂದರೆಯೂ ಸಣ್ಣದಲ್ಲ. ಕೆಲಸದ ಹೊತ್ತಿನ ಹೊರಗೆ ಕರೆಗೆ ಓಗೊಡದಿರುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ, ಆಸ್ಟ್ರೇಲಿಯ 2024ರಲ್ಲಿ ಜಾರಿಗೆ ತಂದವು. ನಮ್ಮಲ್ಲಿ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆಯವರು 2018ರಲ್ಲಿಯೂ 2025ರಲ್ಲಿಯೂ ಈ ಕುರಿತು ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಖಾಸಗಿ ಮಸೂದೆ ಕಾನೂನಾಗುವುದು ನಮ್ಮ ಸಂಸತ್ತಿನಲ್ಲಿ ಅತ್ಯಪರೂಪ. ಆದರೂ ಪ್ರಶ್ನೆ ಸದನದ ಮುಂದೆ ಬಂದಿತೆಂಬುದು ಸಮಾಧಾನದ ಸಂಗತಿ.

ಮನೆಯ ಪಾಲು

ಬ್ಯಾಂಕಿನವರಾಗಿ ನಾವು ಕೊಡಬಹುದಾದ ಒಂದು ಸಲಹೆ ಹಣಕಾಸಿಗೆ ಸಂಬಂಧಿಸಿದ್ದು. ನಗರದ ತರುಣ ಕುಟುಂಬಗಳ ಒತ್ತಡಕ್ಕೆ ಅರ್ಧ ಕಾರಣ ಕಚೇರಿಯಾದರೆ ಇನ್ನರ್ಧ ಮನೆಸಾಲದ ಮಾಸಿಕ ಕಂತು. ಗಂಡ ಹೆಂಡಿರಿಬ್ಬರ ಪೂರ್ಣ ಸಂಬಳವನ್ನು ನಂಬಿ ಇಪ್ಪತ್ತು ವರ್ಷಗಳ ಸಾಲ ಮಾಡಿದವರು ಇಪ್ಪತ್ತು ವರ್ಷ ಯಾರಿಗೂ 'ಇಲ್ಲ' ಎನ್ನಲಾರರು. ಕೆಲಸ ಹೋದರೂ ಆರು ತಿಂಗಳು ಅಡುಗೆಮನೆ ನಡೆದೀತೆಂಬ ಧೈರ್ಯ ಇದ್ದವನು ಮಾತ್ರ ಅನ್ಯಾಯದ ಆದೇಶಕ್ಕೆ ತಲೆ ಅಲ್ಲಾಡಿಸಬಲ್ಲ. ಒಂದು ಕೋಣೆ ಕಡಿಮೆಯಿರುವ ಮನೆ, ಆರು ತಿಂಗಳ ಖರ್ಚಿನ ಠೇವಣಿ ಇವೆರಡೂ ಯಾವ ಔಷಧಿಗೂ ಕಡಿಮೆಯಲ್ಲ.

ಎರಡನೆಯದಾಗಿ, ಮಾತು. ನಮ್ಮ ಮನೆಗಳಲ್ಲಿ ಮಧುಮೇಹವನ್ನು ಹತ್ತು ಜನರ ಮುಂದೆ ಹೇಳುತ್ತೇವೆ, ಮನಸ್ಸಿನ ಬೇಗುದಿಯನ್ನು ಮಾತ್ರ ಮುಚ್ಚಿಡುತ್ತೇವೆ. ವಾರಗಟ್ಟಲೆ ನಿದ್ರೆ ಬಾರದಿರುವುದು, ಪ್ರೀತಿಯ ವಿಷಯಗಳಲ್ಲೂ ಆಸಕ್ತಿ ಕುಂದುವುದು, ಸಣ್ಣ ಮಾತಿಗೂ ಸಿಡುಕುವುದು, ಕುಡಿತ ಏರುವುದು, ಬದುಕಿನ ಬಗೆಗೇ ಬೇಸರದ ಮಾತುಗಳು ಇವು ಸೋಮಾರಿತನದ ಲಕ್ಷಣಗಳಲ್ಲ. ವೈದ್ಯರ ಬಳಿಗೆ ಹೋಗಬೇಕೆಂಬ ಸೂಚನೆಗಳು. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕರೆ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು. ಪರಭಾಷೆಯ ನಗರದಲ್ಲಿರುವವನಿಗೆ ತನ್ನ ಸಂಕಟವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳುವುದೇ ಅರ್ಧ ಚಿಕಿತ್ಸೆ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ವಿಮಾ ಸಂಸ್ಥೆಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಒದಗಿಸಬೇಕೆಂಬುದೂ ಎಲ್ಲರಿಗೆ ತಿಳಿದಿರಲಿ.

ಮೂರನೆಯದು, ಬಿಡುವ ಸ್ವಾತಂತ್ರ್ಯ. 'ಕೆಲಸ ಬಿಡುತ್ತೇನೆ' ಎಂದು ಮಗನೋ ಸೊಸೆಯೋ ಹೇಳಿದಾಗ ನಮ್ಮ ಮೊದಲ ಪ್ರಶ್ನೆ 'ಜನ ಏನೆಂದಾರು?' ಎಂಬುದಾಗದೆ 'ಏನು ನಡೆಯುತ್ತಿದೆ?' ಎಂಬುದಾಗಲಿ. ಉದ್ಯೋಗ ಹೋದರೆ ಇನ್ನೊಂದು ಸಿಕ್ಕೀತು.

ಕನ್ನಡ ಸಂಘಗಳೂ ಇಲ್ಲಿ ಕೈಜೋಡಿಸಬಹುದು. ಹಗಲೆಲ್ಲ ಮೇಲಿನವರ ಮಾತಿಗೆ ತಲೆದೂಗಿದ ಗುಮಾಸ್ತನು ಸಂಜೆ ತಾಳಮದ್ದಳೆಯಲ್ಲಿ ಕೌರವನಾಗಿ ಸಾಕ್ಷಾತ್ ಕೃಷ್ಣನಿಗೇ ಸವಾಲು ಹಾಕುವುದನ್ನು ಮುಂಬಯಿ ತಲೆಮಾರುಗಳಿಂದ ಕಂಡಿದೆ. ಭಜನೆ, ನಾಟಕದ ತಾಲೀಮು, ಯಕ್ಷಗಾನಗಳು ಬರಿಯ ಮನರಂಜನೆಯಾಗಿರಲಿಲ್ಲ. ಕಚೇರಿಯ ಹುದ್ದೆ ನಡೆಯದ ಒಂದು ಜಾಗವನ್ನು ಅವು ಒದಗಿಸಿದ್ದವು. ಇಂದಿನ ತರುಣರು ಸಂಘಕ್ಕೆ ಬರುವುದಿಲ್ಲವೆಂದು ದೂರುವ ನಾವು, ಅವರಿಗೆ ಬರಲು ಬಿಡುವೇ ಇಲ್ಲವೆಂಬುದನ್ನು ಗಮನಿಸಬೇಕು. ಸಂಘಗಳಲ್ಲಿರುವ ನಿವೃತ್ತ ಬ್ಯಾಂಕಿನವರು, ವಕೀಲರು, ವೈದ್ಯರು ತಿಂಗಳಿಗೊಂದು ಭಾನುವಾರ ಕುಳಿತು ತರುಣರ ಕಷ್ಟವನ್ನು ಕೇಳುವ ಏರ್ಪಾಡು ಮಾಡಿದರೆ ಖರ್ಚು ಕಾಫಿಯದಷ್ಟೇ. ಉಪದೇಶ ಬೇಡ, ರಜೆಯ ಅರ್ಜಿ ಹೇಗೆ ಬರೆಯಬೇಕು, ದೂರು ಯಾರಿಗೆ ಕೊಡಬೇಕು, ಯಾವ ವೈದ್ಯರನ್ನು ಕಾಣಬೇಕು ಎಂಬಷ್ಟು ತಿಳಿಸಿದರೆ ಸಾಕು.

ಕಾಯಕಕ್ಕೆ ದೈವತ್ವದ ಸ್ಥಾನ ಕೊಟ್ಟ ನಾಡಿನಿಂದ ಬಂದವರು ನಾವು. ದುಡಿಮೆಗೆ ಹೆದರಿದವರಲ್ಲ, ಹೆದರಿದ್ದರೆ ಘಟ್ಟ ಇಳಿದು, ಕಡಲು ದಾಟಿ ಈ ನಗರಗಳಿಗೆ ಬರುತ್ತಲೇ ಇರಲಿಲ್ಲ. ಆದರೆ ಕಾಯಕವೆಂದರೆ ಮನುಷ್ಯ ತಾನಾಗಿ ಒಪ್ಪಿ ಮಾಡುವ ದುಡಿಮೆ. ಮಾಡುವವನ ಒಪ್ಪಿಗೆ, ವಿವೇಕ, ಆರೋಗ್ಯ ಮೂರನ್ನೂ ಲೆಕ್ಕಕ್ಕೆ ಹಿಡಿಯದ ದುಡಿಮೆಯನ್ನು ಆ ಹೆಸರಿನಿಂದ ಕರೆಯಲಾಗದು. ಸಂಸ್ಥೆಗಳು ಪ್ರತಿ ವರ್ಷ ಮಾರ್ಚ್ 31ಕ್ಕೆ ಲಾಭ ನಷ್ಟಗಳ ಪಟ್ಟಿ ಸಿದ್ಧಪಡಿಸುತ್ತವೆ. ಆ ಲಾಭವನ್ನು ಗಳಿಸುವಲ್ಲಿ ಎಷ್ಟು ಜನರ ನಿದ್ರೆ ಖರ್ಚಾಯಿತೆಂಬ ಕಲಮು ಅದರಲ್ಲಿ ಇಲ್ಲ. ಆ ಕಲಮನ್ನು ಸೇರಿಸಿರೆಂದು ಕೇಳುವ ಕೆಲಸ ನೌಕರರ ಸಂಘಟನೆಗಳದ್ದು, ಶಾಸಕರದ್ದು. ಅದನ್ನು ಬರೆಯುವವರೆಗೆ ನಮ್ಮ ನಮ್ಮ ಮನೆಯವರ ನಿದ್ರೆಯ ಲೆಕ್ಕ ಇಡುವ ಕೆಲಸ ನಮ್ಮದು.